ತಂಬಾಕು ಬಿಡುವ ಸಂಕಲ್ಪಕ್ಕೆ ಔಷಧದ ಊರುಗೋಲು: ಆಯ್ಕೆ ಹೇಗೆ?



ಶ್ರಾವಣ ಮಾಸದ ಪ್ರವಚನ, ಜಾತ್ರಾ ಮಹೋತ್ಸವ, ಶಿವಾನುಭವ ಗೋಷ್ಠಿಗಳ ಸಂದರ್ಭದಲ್ಲಿ ಪೂಜ್ಯರ ಸನ್ನಿಧಿಯಲ್ಲಿ ದುಶ್ಚಟ ತೊರೆಯುವ ಸಂಕಲ್ಪ ಮಾಡುವ ಸದ್ಭಕ್ತರು ಅನೇಕರು. ಆದರೆ ಸಂಕಲ್ಪ ಮಾಡಿದ ನಾಲ್ಕಾರು ದಿನಗಳಲ್ಲೇ ಮತ್ತೆ ಬೀಡಿ ಹಚ್ಚಿ, ಮಾತು ಮುರಿದೆವೆಂಬ ನಾಚಿಕೆಯಿಂದ ಮಠದ ಕಡೆ ಮುಖ ಮಾಡದೆ ಉಳಿಯುವವರೂ ಇದ್ದಾರೆ. ಇವರು ಭಕ್ತಿಯಲ್ಲಿ ಕಡಿಮೆಯಾದವರೆಂದು ನಾವು ಭಾವಿಸುವುದಿಲ್ಲ. ತಂಬಾಕಿನ ಹಿಡಿತ ಮನಸ್ಸಿನಲ್ಲಷ್ಟೇ ಅಲ್ಲ, ದೇಹದಲ್ಲಿಯೂ ಇದೆ. ದೇಹದ ಹಿಡಿತಕ್ಕೆ ದೇಹದ ಚಿಕಿತ್ಸೆಯೇ ಬೇಕು. ಆ ಚಿಕಿತ್ಸೆ ಇಂದು ನಮ್ಮ ಊರುಗಳ ಔಷಧ ಅಂಗಡಿಗಳಲ್ಲಿ, ಸರಕಾರಿ ಆಸ್ಪತ್ರೆಗಳಲ್ಲಿ ದೊರೆಯುವಂತಿದ್ದರೂ ಅದರ ತಿಳುವಳಿಕೆ ಭಕ್ತರಲ್ಲಿ ಕಡಿಮೆ. ಯಾವ ಔಷಧ ಯಾರಿಗೆ ಹೊಂದುತ್ತದೆ, ಯಾರಿಗೆ ಹೊಂದುವುದಿಲ್ಲ, ಬಳಸುವ ಕ್ರಮವೇನು ಎಂಬುದನ್ನು ಒಂದೆಡೆ ಇಟ್ಟುಕೊಳ್ಳಲು ಈ ಲೇಖನವನ್ನು ಸಿದ್ಧಪಡಿಸಿದ್ದೇವೆ. ಇದು ವೈದ್ಯರ ಸಲಹೆಗೆ ಬದಲಿಯಲ್ಲ. ವೈದ್ಯರ ಮುಂದೆ ಕುಳಿತಾಗ ಏನು ಕೇಳಬೇಕು, ಏನು ಹೇಳಬೇಕು ಎಂಬುದಕ್ಕೆ ಕೈಪಿಡಿ.

ನಮ್ಮ ನೆಲ ಮತ್ತು ತಂಬಾಕು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಭಕ್ತರಿಗೆ ತಂಬಾಕು ದೂರದ ವಸ್ತುವಲ್ಲ. ನಿಪ್ಪಾಣಿಯ ಹೆಸರು ಬೀಡಿ ತಂಬಾಕಿನೊಂದಿಗೇ ದೇಶಕ್ಕೆ ಪರಿಚಯವಾದದ್ದು. ಬೆಳೆದ ಎಲೆಗೆ ನ್ಯಾಯವಾದ ಬೆಲೆ ಬೇಕೆಂದು 1981ರಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ಇಲ್ಲಿಯ ರೈತರು ಹೆದ್ದಾರಿಯಲ್ಲಿ ಕುಳಿತರು. ಆ ವರ್ಷದ ಏಪ್ರಿಲ್‌ನಲ್ಲಿ ನಡೆದ ಗೋಲಿಬಾರಿನಲ್ಲಿ ರೈತರು ಪ್ರಾಣ ತೆತ್ತರು. ತಂಬಾಕಿನ ವಖಾರಿಗಳಲ್ಲಿ ದುಡಿದ, ಮನೆಯ ಕಟ್ಟೆಯ ಮೇಲೆ ಕುಳಿತು ಬೀಡಿ ಕಟ್ಟಿದ ತಾಯಂದಿರ ದುಡಿಮೆಯಿಂದ ಎಷ್ಟೋ ಮನೆಗಳ ಒಲೆ ಉರಿದಿದೆ. ಆದ್ದರಿಂದ ಈ ಲೇಖನ ಬೆಳೆದವರನ್ನಾಗಲಿ, ಕಟ್ಟಿದವರನ್ನಾಗಲಿ ದೂಷಿಸುವುದಕ್ಕೆ ಬರೆದದ್ದಲ್ಲ. ಇದು ಬಿಡಬೇಕೆಂದಿರುವವರಿಗಾಗಿ ಬರೆದದ್ದು.

2016-17ರಲ್ಲಿ ನಡೆದ ರಾಷ್ಟ್ರೀಯ ವಯಸ್ಕರ ತಂಬಾಕು ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಶೇ. 22.8ರಷ್ಟು ಜನ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಸೇದುವವರು ಶೇ. 8.8, ಅಗಿಯುವ, ಹಲ್ಲಿಗೆ ಹಚ್ಚುವ ಮುಂತಾದ ಹೊಗೆರಹಿತ ರೂಪದಲ್ಲಿ ಬಳಸುವವರು ಶೇ. 16.3. ಅಂದರೆ ನಮ್ಮಲ್ಲಿ ಹೊಗೆಗಿಂತ ಸುಣ್ಣ ತಿಕ್ಕಿದ ತಂಬಾಕು, ಗುಟ್ಕಾ, ಮಿಶ್ರಿಗಳೇ ಹೆಚ್ಚು. ತಂಬಾಕು ಬಿಡುವ ಔಷಧಗಳ ಕುರಿತ ಬರಹಗಳು ಬಹುತೇಕ ಸಿಗರೇಟನ್ನೇ ಮುಂದಿಟ್ಟುಕೊಂಡಿರುತ್ತವೆ. ನಾವು ಇಲ್ಲಿ ಬೀಡಿ, ಅಗಿಯುವ ತಂಬಾಕು ಮತ್ತು ಮಿಶ್ರಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದೇವೆ.

ಸಂಕಲ್ಪ ಮತ್ತು ಔಷಧ

ಇಳಕಲ್ಲಿನ ಚಿತ್ತರಗಿ ಶ್ರೀ ವಿಜಯ ಮಹಾಂತೇಶ ಸಂಸ್ಥಾನ ಮಠದ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಊರೂರು ತಿರುಗಲು ಆರಂಭಿಸಿದರು. ಕಾಳು, ಕಾಸು ಬೇಡುವ ಜೋಳಿಗೆ ಅದಾಗಿರಲಿಲ್ಲ. ನಿಮ್ಮ ದುಶ್ಚಟಗಳನ್ನು ನಮ್ಮ ಜೋಳಿಗೆಗೆ ಹಾಕಿರಿ ಎಂದು ಬೇಡುವ ಜೋಳಿಗೆ. ‘ಮಹಾಂತ ಜೋಳಿಗೆ’ ಎಂದು ಪ್ರಸಿದ್ಧವಾದ ಈ ಕಾರ್ಯದಿಂದ ಅಸಂಖ್ಯ ಕುಟುಂಬಗಳು ಚೇತರಿಸಿಕೊಂಡವು. 2018ರಲ್ಲಿ ಅವರು ಲಿಂಗೈಕ್ಯರಾದ ತರುವಾಯ, ಅವರ ಜನ್ಮದಿನವಾದ ಆಗಸ್ಟ್ 1ನ್ನು ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸಲಾಗುತ್ತಿದೆ.

ಜೋಳಿಗೆಗೆ ಚಟವನ್ನು ಹಾಕಿದ ಮೇಲೆ ಔಷಧವೇಕೆ, ಗಮ್ ಅಗಿದರೆ ಸಂಕಲ್ಪಕ್ಕೆ ಭಂಗ ಬಂದಂತಲ್ಲವೆ ಎಂದು ಕೆಲವು ಭಕ್ತರು ಕೇಳುತ್ತಾರೆ. ಭಂಗ ಬರುವುದಿಲ್ಲ. ಶರಣರು ದೇಹವನ್ನು ತುಚ್ಛವೆಂದು ಕಂಡವರಲ್ಲ. ಇಷ್ಟಲಿಂಗವನ್ನು ಧರಿಸುವ ಅಂಗವೆಂದು ಅದನ್ನು ಕಾಪಾಡಿಕೊಂಡರು. ಅವರ ನಡುವೆ ವೈದ್ಯ ಸಂಗಣ್ಣನಿದ್ದನು. ರೋಗಿಗೆ ಮದ್ದು ಕೊಡುವುದೇ ಅವನ ಕಾಯಕವಾಗಿತ್ತು, ಆ ಕಾಯಕದ ಮಾತುಗಳೇ ಅವನ ವಚನಗಳಲ್ಲಿಯೂ ಬಂದಿವೆ. ಮಧುಮೇಹಕ್ಕೆ ಮಾತ್ರೆ ನುಂಗುವ ಭಕ್ತನ ಭಕ್ತಿಗೆ ಹೇಗೆ ಕುಂದಿಲ್ಲವೋ, ತಂಬಾಕಿನ ಅವಲಂಬನೆಗೆ ಔಷಧ ತೆಗೆದುಕೊಳ್ಳುವ ಭಕ್ತನಿಗೂ ಹಾಗೆಯೇ. ತಂಬಾಕಿನ ಅವಲಂಬನೆಯನ್ನು ವೈದ್ಯಶಾಸ್ತ್ರ ರೋಗಗಳ ಪಟ್ಟಿಯಲ್ಲೇ ಸೇರಿಸಿದೆ.

ಯಾವ ನೆರವೂ ಇಲ್ಲದೆ ಒಮ್ಮೆಲೆ ಬಿಡಲು ಯತ್ನಿಸುವ ನೂರು ಜನರಲ್ಲಿ ಆರು ತಿಂಗಳು, ಒಂದು ವರ್ಷ ಕಳೆದರೂ ಗಟ್ಟಿಯಾಗಿ ಉಳಿಯುವವರು ಸುಮಾರು ಮೂರರಿಂದ ಐದು ಜನ ಎಂದು ಅಧ್ಯಯನಗಳು ತಿಳಿಸುತ್ತವೆ. ನಿಕೋಟಿನ್ ಬದಲಿ ಚಿಕಿತ್ಸೆ ಈ ಸಾಧ್ಯತೆಯನ್ನು ಸುಮಾರು ಒಂದೂವರೆ ಪಟ್ಟು ಮಾಡುತ್ತದೆ; ಜೊತೆಗೆ ಸಮಾಲೋಚನೆಯೂ ದೊರೆತರೆ ಫಲ ಇನ್ನೂ ಹೆಚ್ಚು. ಔಷಧ ಪವಾಡವನ್ನು ಮಾಡುವುದಿಲ್ಲ. ಹತ್ತುವವನಿಗೆ ಊರುಗೋಲಾಗುತ್ತದೆ, ಹತ್ತಬೇಕಾದವನು ತಾನೇ.

ತಂಬಾಕು ದೇಹವನ್ನು ಹಿಡಿಯುವ ಬಗೆ

ತಂಬಾಕಿನಲ್ಲಿರುವ ನಿಕೋಟಿನ್ ಎಂಬ ಅಂಶವೇ ಚಟಕ್ಕೆ ಕಾರಣ. ಬೀಡಿಯ ಹೊಗೆಯ ಮೂಲಕ ಅದು ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಮೆದುಳನ್ನು ತಲುಪುತ್ತದೆ. ಮೆದುಳಿನಲ್ಲಿ ಅದಕ್ಕೆ ಹೊಂದುವ ಬೀಗಗಳಂಥ ಗ್ರಾಹಕಗಳಿವೆ. ನಿಕೋಟಿನ್ ಎಂಬ ಕೀಲಿ ಅವನ್ನು ತೆರೆದಾಗ ಕ್ಷಣಕಾಲ ಹಿತವೆನಿಸುತ್ತದೆ. ವರ್ಷಗಟ್ಟಲೆ ಬಳಸಿದಂತೆ ಬೀಗಗಳ ಸಂಖ್ಯೆ ಹೆಚ್ಚುತ್ತದೆ. ಕೀಲಿ ಸಿಗದಾಗ ಸಿಟ್ಟು, ಚಡಪಡಿಕೆ, ನಿದ್ರಾಭಂಗ, ಏಕಾಗ್ರತೆಯ ಕೊರತೆ, ಹಸಿವು, ಮಲಬದ್ಧತೆ ಕಾಣಿಸಿಕೊಳ್ಳುತ್ತವೆ. ಬೀಡಿ ಸೇದದಿದ್ದರೆ ಬೆಳಿಗ್ಗೆ ಹೊಟ್ಟೆ ಸರಿಯಾಗದು ಎಂದು ಹಿರಿಯರು ಹೇಳುವುದಕ್ಕೂ ಇದೇ ಕಾರಣ. ಈ ತೊಂದರೆಗಳು ಬಿಟ್ಟ ಮೊದಲ ದಿನವೇ ಆರಂಭವಾಗಿ, ಮೊದಲ ವಾರದಲ್ಲಿ ತೀವ್ರವಾಗಿದ್ದು, ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಸಂಕಲ್ಪಗಳು ಮುರಿಯುವುದು ಬಹುಮಟ್ಟಿಗೆ ಈ ಅವಧಿಯಲ್ಲೇ.

ಕ್ಯಾನ್ಸರ್ ತರುವುದು ಮುಖ್ಯವಾಗಿ ನಿಕೋಟಿನ್ ಅಲ್ಲ. ಹೊಗೆಯಲ್ಲಿರುವ ಸಾವಿರಾರು ರಾಸಾಯನಿಕಗಳಲ್ಲಿ ಸುಮಾರು ಎಪ್ಪತ್ತು ಕ್ಯಾನ್ಸರ್‌ಕಾರಕಗಳು. ಅಗಿಯುವ ತಂಬಾಕಿನಲ್ಲಿ ನೈಟ್ರೋಸಮೈನ್ ಎಂಬ ವಿಷಗಳು. ಆದ್ದರಿಂದಲೇ ವಿಷವನ್ನು ಬಿಟ್ಟು, ನಿಕೋಟಿನ್‌ನ್ನು ಮಾತ್ರ ಅಳತೆಯಲ್ಲಿ, ನಿಧಾನವಾಗಿ ಕೊಟ್ಟು, ಕ್ರಮೇಣ ಅದನ್ನೂ ನಿಲ್ಲಿಸುವ ಚಿಕಿತ್ಸೆ ಸಾಧ್ಯವಾಗಿದೆ.

ನಿಪ್ಪಾಣಿ ಭಾಗದ ರೈತ ಬಂಧುಗಳಿಗೆ ಇದನ್ನು ಅರ್ಥಮಾಡಿಸುವುದು ಸುಲಭ. ಇಬ್ಬನಿಯಲ್ಲಿ ತೊಯ್ದ ತಂಬಾಕಿನ ಎಲೆಯನ್ನು ಬರಿಗೈಯಿಂದ ಮುರಿದವರಿಗೆ ತಲೆಸುತ್ತು, ವಾಂತಿ ಬರುವುದುಂಟು. ಎಲೆಯ ನಿಕೋಟಿನ್ ಚರ್ಮದ ಮೂಲಕ ರಕ್ತಕ್ಕೆ ಇಳಿಯುವುದೇ ಅದಕ್ಕೆ ಕಾರಣ. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ ಇದೇ ಗುಣವನ್ನು ಅಳತೆಯಲ್ಲಿ ಬಳಸಿಕೊಳ್ಳುತ್ತದೆ.

ಮೊದಲು ತಮ್ಮ ಅವಲಂಬನೆಯನ್ನು ಅಳೆಯಿರಿ

ಔಷಧ ಆಯ್ಕೆಗೆ ಮುನ್ನ ಎರಡು ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರಿಸಿಕೊಳ್ಳಬೇಕು. ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ತಂಬಾಕು ಬೇಕಾಗುತ್ತದೆ? ದಿನಕ್ಕೆ ಎಷ್ಟು ಬೀಡಿ, ಎಷ್ಟು ಚೀಟಿ, ಎಷ್ಟು ಸಲ? ಎದ್ದ ಅರ್ಧ ಗಂಟೆಯೊಳಗೆ ಬೇಕೆನಿಸಿದರೆ ಅವಲಂಬನೆ ಬಲವಾಗಿದೆಯೆಂದು ತಿಳಿಯಬೇಕು. ಐದು ನಿಮಿಷದೊಳಗೆ ಬೇಕೆನಿಸಿದರೆ ಬಹಳ ಬಲವಾಗಿದೆ. ಹಾಸಿಗೆಯಿಂದ ಎದ್ದು ಸ್ನಾನ, ಲಿಂಗಪೂಜೆ ಮುಗಿಯುವವರೆಗೂ ತಾಳಬಲ್ಲವರಿಗೆ ಔಷಧದ ಪ್ರಮಾಣ ಕಡಿಮೆ ಸಾಕಾಗಬಹುದು.

ಬೀಡಿ ಸೇದುವವರು ಒಂದು ವಿಷಯ ಗಮನಿಸಬೇಕು. ಬೀಡಿ ಚಿಕ್ಕದೆಂದು ಅದನ್ನು ಅರ್ಧ ಸಿಗರೇಟೆಂದು ಲೆಕ್ಕ ಹಿಡಿಯಬಾರದು. ಅದರಲ್ಲಿ ತಂಬಾಕು ಕಡಿಮೆಯಿದ್ದರೂ ಆರದಂತೆ ಪದೇ ಪದೇ, ಆಳವಾಗಿ ಎಳೆಯಬೇಕಾಗುವುದರಿಂದ ದೇಹಕ್ಕೆ ಸೇರುವ ನಿಕೋಟಿನ್ ಸಿಗರೇಟಿಗೆ ಕಡಿಮೆಯಿಲ್ಲ. ವೈದ್ಯರಿಗೆ ಇದ್ದ ಸಂಖ್ಯೆಯನ್ನೇ ಹೇಳಬೇಕು. ಬೀಡಿಯ ಜೊತೆ ತಂಬಾಕು ಅಗಿಯುವ ರೂಢಿಯೂ ಇದ್ದರೆ ಎರಡನ್ನೂ ಹೇಳಬೇಕು.

ದೊರೆಯುವ ಔಷಧಗಳು

*ನಿಕೋಟಿನ್ ಗಮ್.* 2 ಮತ್ತು 4 ಮಿಲಿಗ್ರಾಂ ಎಂಬ ಎರಡು ಬಲಗಳಲ್ಲಿ ಇದೆ. 2 ಮಿಲಿಗ್ರಾಂ ಗಮ್ ವೈದ್ಯರ ಚೀಟಿಯಿಲ್ಲದೆ ದೊರೆಯುತ್ತದೆ, 4 ಮಿಲಿಗ್ರಾಂಗೆ ಚೀಟಿ ಬೇಕು. ಎದ್ದ ಅರ್ಧ ಗಂಟೆಯೊಳಗೆ ತಂಬಾಕು ಬೇಕಾಗುವವರಿಗೆ ಸಾಮಾನ್ಯವಾಗಿ 4 ಮಿಲಿಗ್ರಾಂ ಸೂಚಿಸುತ್ತಾರೆ.

ಗಮ್‌ನಿಂದ ಪ್ರಯೋಜನವಾಗಲಿಲ್ಲ ಎನ್ನುವವರು ಬಹುಮಟ್ಟಿಗೆ ಅದನ್ನು ಅಂಗಡಿಯ ಚೂಯಿಂಗ್ ಗಮ್‌ನಂತೆ ಒಂದೇ ಸಮನೆ ಅಗಿದವರು. ಕ್ರಮ ಹೀಗಿದೆ: ನಿಧಾನವಾಗಿ ಅಗಿಯಬೇಕು, ನಾಲಿಗೆಗೆ ಖಾರವೋ ಜುಮುಜುಮು ಅನುಭವವೋ ಬಂದೊಡನೆ ಅಗಿಯುವುದನ್ನು ನಿಲ್ಲಿಸಿ ಕೆನ್ನೆ ಮತ್ತು ಒಸಡಿನ ನಡುವೆ ಇಡಬೇಕು, ಅನುಭವ ಇಳಿದ ಮೇಲೆ ಮತ್ತೆ ನಾಲ್ಕು ಸಲ ಅಗಿದು, ಮತ್ತೊಂದು ಬದಿಯಲ್ಲಿ ಇಡಬೇಕು. ಹೀಗೆ ಸುಮಾರು ಅರ್ಧ ಗಂಟೆ. ಔಷಧ ಒಸಡಿನ ಮೂಲಕ ರಕ್ತಕ್ಕೆ ಸೇರಬೇಕು. ಜೊಲ್ಲಿನೊಡನೆ ನುಂಗಿದರೆ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ, ವಾಕರಿಕೆ ತರುತ್ತದೆ. ಗಮ್ ಹಾಕುವ ಕಾಲು ಗಂಟೆ ಮೊದಲಿನಿಂದ ಮುಗಿಯುವವರೆಗೆ ಚಹಾ, ಕಾಫಿ, ಲಿಂಬೆ ಪಾನಕ ಕುಡಿಯಬಾರದು. ಹುಳಿ ಅಂಶ ಬಾಯಲ್ಲಿ ನಿಕೋಟಿನ್ ಹೀರಿಕೆಯನ್ನು ತಡೆಯುತ್ತದೆ. ಬೀಡಿಗೂ ಚಹಾಕ್ಕೂ ಗಂಟು ಬಿದ್ದಿರುವ ನಮ್ಮ ಭಾಗದಲ್ಲಿ ಇದನ್ನು ಮರೆಯಬಾರದು.

ಮೊದಲ ಆರು ವಾರ ಒಂದೆರಡು ಗಂಟೆಗೆ ಒಂದರಂತೆ, ಮುಂದಿನ ಮೂರು ವಾರ ಎರಡರಿಂದ ನಾಲ್ಕು ಗಂಟೆಗೆ ಒಂದರಂತೆ, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೆ ಒಂದರಂತೆ, ಒಟ್ಟು ಹನ್ನೆರಡು ವಾರ ಬಳಸುವುದು ವಾಡಿಕೆ. ದಿನಕ್ಕೆ 24ನ್ನು ಮೀರಬಾರದು. ಮೊದಲ ವಾರಗಳಲ್ಲಿ ತೀರ ಕಡಿಮೆ ಬಳಸುವುದೂ ತಪ್ಪೇ. ಅಂಥವರು ಬೇಗ ಬೀಡಿಗೆ ಮರಳುತ್ತಾರೆ.

*ಚೀಪುವ ಮಾತ್ರೆ.* ಲಾಜೆಂಜ್ ಎಂದು ಕರೆಯುವ ಇದರ ಗುಣವೂ ಗಮ್‌ನದೇ. ಅಗಿಯಬಾರದು, ನುಂಗಬಾರದು, ಬಾಯಿಯ ಒಂದು ಬದಿಯಲ್ಲಿಟ್ಟು ಅರ್ಧ ಗಂಟೆ ತಾನಾಗಿ ಕರಗಲು ಬಿಡಬೇಕು. ಹಲ್ಲಿನ ಸೆಟ್ಟು ಹಾಕಿಕೊಂಡ ಹಿರಿಯರಿಗೆ, ದವಡೆ ನೋವಿನವರಿಗೆ ಗಮ್‌ಗಿಂತ ಇದು ಹಿತ.

*ನಿಕೋಟಿನ್ ಪಟ್ಟಿ.* ಪ್ಯಾಚ್ ಎಂದು ಕೇಳಿದರೆ ಅಂಗಡಿಯವರಿಗೆ ತಿಳಿಯುತ್ತದೆ. 21, 14 ಮತ್ತು 7 ಮಿಲಿಗ್ರಾಂಗಳಲ್ಲಿದೆ. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುವವರು ಸಾಮಾನ್ಯವಾಗಿ ಆರು ವಾರ 21, ಎರಡು ವಾರ 14, ಎರಡು ವಾರ 7 ಎಂಬ ಕ್ರಮದಲ್ಲಿ ಇಳಿಸುತ್ತಾರೆ. ಕಡಿಮೆ ಸೇದುವವರು 14ರಿಂದ ಆರಂಭಿಸುತ್ತಾರೆ. ಬೆಳಿಗ್ಗೆ ಸ್ನಾನದ ಬಳಿಕ ಮೈ ಚೆನ್ನಾಗಿ ಒರಸಿಕೊಂಡು, ಕೂದಲಿಲ್ಲದ ಜಾಗದಲ್ಲಿ, ಅಂದರೆ ತೋಳಿನ ಮೇಲ್ಭಾಗ, ಎದೆ ಅಥವಾ ಬೆನ್ನಿಗೆ ಅಂಟಿಸಬೇಕು. ದಿನವೂ ಜಾಗ ಬದಲಿಸಬೇಕು. ರಾತ್ರಿ ಕೆಟ್ಟ ಕನಸು ಬಿದ್ದರೆ ಮಲಗುವ ಮುನ್ನ ತೆಗೆಯಬಹುದು. ತೆಗೆದ ಪಟ್ಟಿಯಲ್ಲಿಯೂ ಮಗುವಿಗೆ ಅಪಾಯ ತರುವಷ್ಟು ನಿಕೋಟಿನ್ ಉಳಿದಿರುತ್ತದೆ. ಅಂಟು ಒಳಗಾಗುವಂತೆ ಮಡಿಚಿ, ಮಕ್ಕಳ ಕೈಗೆ ಸಿಗದಂತೆ ಎಸೆಯಬೇಕು. ಹೊಸ ಪಟ್ಟಿ, ಗಮ್‌ಗಳನ್ನೂ ಮಕ್ಕಳಿಂದ ದೂರವಿಡಬೇಕು.

ಪಟ್ಟಿ ದಿನವಿಡೀ ಸಮನಾದ ಬಲ ಕೊಡುತ್ತದೆ. ಗಮ್ ಅಥವಾ ಚೀಪುವ ಮಾತ್ರೆ ಹಠಾತ್ತನೆ ಏಳುವ ಬಯಕೆಯನ್ನು ತಡೆಯುತ್ತದೆ. ಅವಲಂಬನೆ ಬಲವಾಗಿರುವವರಿಗೆ ಇವೆರಡನ್ನೂ ಜೊತೆಯಾಗಿ ಕೊಟ್ಟಾಗ ಒಂದನ್ನೇ ಕೊಟ್ಟಾಗಿಗಿಂತ ಹೆಚ್ಚಿನ ಫಲ ಕಂಡುಬಂದಿದೆ. ಹೀಗೆ ಜೋಡಿಸುವುದನ್ನು ವೈದ್ಯರ ಸಲಹೆಯಂತೆ ಮಾಡಬೇಕು.

*ವಾರೆನಿಕ್ಲಿನ್.* ಇದರಲ್ಲಿ ನಿಕೋಟಿನ್ ಇಲ್ಲ. ಮೆದುಳಿನ ಬೀಗಕ್ಕೆ ಅರ್ಧ ಹೊಂದುವ ಕೀಲಿಯಂತೆ ಕೂತು ಬಯಕೆಯನ್ನು ತಗ್ಗಿಸುತ್ತದೆ. ನಡುವೆ ಬೀಡಿ ಸೇದಿದರೂ ಮೊದಲಿನ ಹಿತ ಸಿಗದಂತೆ ಮಾಡುತ್ತದೆ. ವೈದ್ಯರ ಚೀಟಿ ಕಡ್ಡಾಯ. ಬಿಡುವ ದಿನಕ್ಕೆ ಒಂದು ವಾರ ಮೊದಲೇ ಆರಂಭಿಸುತ್ತಾರೆ: ಮೂರು ದಿನ ಅರ್ಧ ಮಿಲಿಗ್ರಾಂ ಒಂದು ಸಲ, ನಾಲ್ಕು ದಿನ ಅರ್ಧ ಮಿಲಿಗ್ರಾಂ ಎರಡು ಸಲ, ಆ ಬಳಿಕ 1 ಮಿಲಿಗ್ರಾಂ ಎರಡು ಸಲ, ಒಟ್ಟು ಹನ್ನೆರಡು ವಾರ. ಊಟದ ನಂತರ ತುಂಬು ಲೋಟ ನೀರಿನೊಡನೆ ತೆಗೆದುಕೊಂಡರೆ ವಾಕರಿಕೆ ಕಡಿಮೆ. ವಿಚಿತ್ರ ಕನಸುಗಳು ಬೀಳಬಹುದು. ಮೂತ್ರಪಿಂಡದ ತೊಂದರೆ ತೀವ್ರವಾಗಿದ್ದವರಿಗೆ ಪ್ರಮಾಣ ಇಳಿಸುತ್ತಾರೆ. ಒಂದೇ ಔಷಧವಾಗಿ ಬಳಸುವವುಗಳಲ್ಲಿ ಇದರ ಫಲ ಎಲ್ಲಕ್ಕಿಂತ ಉತ್ತಮವಾದವುಗಳಲ್ಲಿ ಒಂದು.

*ಬ್ಯುಪ್ರೊಪಿಯಾನ್.* ಖಿನ್ನತೆಗೆ ಕೊಡುವ ಈ ಮಾತ್ರೆ ತಂಬಾಕಿನ ಬಯಕೆಯನ್ನೂ ತಗ್ಗಿಸುತ್ತದೆ. ಬಿಡುವ ದಿನಕ್ಕೆ ಒಂದೆರಡು ವಾರ ಮೊದಲೇ ಆರಂಭಿಸಬೇಕು. ಬಾಯಿ ಒಣಗುವುದು, ನಿದ್ರೆ ಬಾರದಿರುವುದು ಉಂಟು. ಅಪಸ್ಮಾರ, ಅಂದರೆ ಫಿಟ್ಸ್ ಇರುವವರಿಗೆ ಇದು ಸಲ್ಲದು. ಹೆಚ್ಚು ಮದ್ಯ ಸೇವಿಸುತ್ತಿದ್ದು ಒಮ್ಮೆಲೆ ನಿಲ್ಲಿಸುವವರಿಗೂ ಸಲ್ಲದು. ಮದ್ಯ, ತಂಬಾಕು ಎರಡನ್ನೂ ಒಂದೇ ದಿನ ಜೋಳಿಗೆಗೆ ಹಾಕುವ ಭಕ್ತರು ಈ ಮಾತನ್ನು ವಿಶೇಷವಾಗಿ ನೆನಪಿಡಬೇಕು. ದಿನವೂ ವಿಪರೀತ ಕುಡಿಯುತ್ತಿದ್ದವರು ವೈದ್ಯರ ನೆರವಿಲ್ಲದೆ ಹಠಾತ್ತನೆ ಮದ್ಯ ನಿಲ್ಲಿಸುವುದೇ ಪ್ರಾಣಾಪಾಯಕ್ಕೆ ದಾರಿಯಾಗಬಹುದು. ಸಂಕಲ್ಪದ ದಿನಕ್ಕೆ ಮೊದಲೇ ಅವರು ಆಸ್ಪತ್ರೆಗೆ ಹೋಗಲಿ.

ವಿಶ್ವ ಆರೋಗ್ಯ ಸಂಸ್ಥೆಯು 2024ರ ಜುಲೈನಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ನಿಕೋಟಿನ್ ಬದಲಿ ಚಿಕಿತ್ಸೆ, ವಾರೆನಿಕ್ಲಿನ್, ಬ್ಯುಪ್ರೊಪಿಯಾನ್‌ಗಳ ಜೊತೆ ಸಸ್ಯಮೂಲದ ಸಿಟಿಸಿನ್ ಎಂಬ ಔಷಧವನ್ನೂ ಶಿಫಾರಸು ಮಾಡಿದೆ. ನಮ್ಮ ದೇಶದ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಗೆ ನಿಕೋಟಿನ್ ಬದಲಿ ಚಿಕಿತ್ಸೆ 2022ರಲ್ಲಿ ಸೇರಿದೆ.

ಯಾರಿಗೆ ಯಾವುದು?

ದಿನಕ್ಕೆ ಹತ್ತರೊಳಗೆ ಬೀಡಿ ಸೇದುವವರು, ಬೆಳಗಿನ ಪೂಜೆ, ಉಪಾಹಾರದವರೆಗೂ ತಾಳಬಲ್ಲವರು: 2 ಮಿಲಿಗ್ರಾಂ ಗಮ್ ಅಥವಾ ಚೀಪುವ ಮಾತ್ರೆಯಿಂದ ಆರಂಭಿಸಬಹುದು.

ಹತ್ತಕ್ಕಿಂತ ಹೆಚ್ಚು ಸೇದುವವರು, ಎದ್ದೊಡನೆ ಬೇಕಾಗುವವರು: ಪಟ್ಟಿ ಮತ್ತು ಗಮ್ ಜೋಡಿ, ಇಲ್ಲವೆ ವಾರೆನಿಕ್ಲಿನ್. ಮೊದಲು ವೈದ್ಯರನ್ನು ಕಾಣಬೇಕು.

ಸುಣ್ಣ ತಿಕ್ಕಿದ ತಂಬಾಕು, ಗುಟ್ಕಾ ಅಗಿಯುವವರು: ಮೇಲೆ ಹೇಳಿದ ಮಾರ್ಗಸೂಚಿ ಇವರಿಗೆ ನಿಕೋಟಿನ್ ಬದಲಿ ಚಿಕಿತ್ಸೆ ಅಥವಾ ವಾರೆನಿಕ್ಲಿನ್ ಸೂಚಿಸಿದೆ. ಬಾಯಿಗೆ ಏನಾದರೂ ಬೇಕೆನ್ನುವ ರೂಢಿ ಇವರದು, ಆದ್ದರಿಂದ ಗಮ್ ಮನಸ್ಸಿಗೂ ಒಗ್ಗುತ್ತದೆ. ಆದರೆ ಗಮ್‌ನ್ನು ತಂಬಾಕಿನಂತೆ ಗಂಟೆಗಟ್ಟಲೆ ದವಡೆಯಲ್ಲಿಟ್ಟು ಉಗುಳುವುದು ಕ್ರಮವಲ್ಲ.

ಬಾಯಿ ಪೂರ್ತಿ ತೆರೆಯಲಾಗದವರು: ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಮುಂಬಲ್ಲುಗಳ ನಡುವೆ ಹೋಗುತ್ತವೆಯೇ ನೋಡಿಕೊಳ್ಳಬೇಕು. ಹೋಗದಿದ್ದರೆ, ಖಾರ ತಿಂದಾಗ ಬಾಯಿ ಉರಿದರೆ, ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಮೂರು ವಾರಕ್ಕೂ ಮಾಯದ ಹುಣ್ಣು ಇದ್ದರೆ ಔಷಧದ ಆಯ್ಕೆಗೂ ಮೊದಲು ದಂತವೈದ್ಯರನ್ನು ಕಾಣಬೇಕು. ಇಂಥವರಿಗೆ ಗಮ್ ಹೊಂದದು. ಪಟ್ಟಿ ಅಥವಾ ಮಾತ್ರೆಯ ದಾರಿ ಇದೆ.

ಮಿಶ್ರಿ ಹಚ್ಚುವ ತಾಯಂದಿರು: ಮಿಶ್ರಿ ಹಲ್ಲುಪುಡಿಯಲ್ಲ, ಸುಟ್ಟ ತಂಬಾಕು. ಹಲ್ಲು ನೋವು ಕಡಿಮೆಯಾಗಲೆಂದು ಆರಂಭವಾದ ರೂಢಿ ದಿನಕ್ಕೆ ನಾಲ್ಕೈದು ಸಲದ ಚಟವಾಗುತ್ತದೆ. ಮೊದಲು ಹಲ್ಲು ನೋವಿಗೇ ಚಿಕಿತ್ಸೆ ಪಡೆದು, ಸಾಮಾನ್ಯ ಪೇಸ್ಟಿಗೆ ಬದಲಾಗಬೇಕು. ಬಯಕೆ ತಡೆಯದಿದ್ದರೆ ವೈದ್ಯರ ಸಲಹೆಯಂತೆ ಚೀಪುವ ಮಾತ್ರೆ ಅಥವಾ ಗಮ್. ಮನೆಯ ಗಂಡಸರ ಬೀಡಿಯ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ತಾಯಂದಿರ ಮಿಶ್ರಿಯ ಬಗ್ಗೆ ಯಾರೂ ಕೇಳುವುದಿಲ್ಲ. ಅವರೇ ಮುಂದೆ ಬಂದು ವೈದ್ಯರಿಗೆ ಹೇಳಬೇಕು.

ತಂಬಾಕಿನ ಹೊಲದಲ್ಲಿ, ವಖಾರಿಯಲ್ಲಿ, ಬೀಡಿ ಕಟ್ಟುವಲ್ಲಿ ದುಡಿಯುವವರು: ಪಟ್ಟಿ ಅಂಟಿಸಿಕೊಂಡು ತೊಯ್ದ ಎಲೆಯಲ್ಲಿ ದುಡಿದರೆ ನಿಕೋಟಿನ್ ಎರಡು ಕಡೆಯಿಂದ ಸೇರಬಹುದು. ತಮ್ಮ ಉದ್ಯೋಗವನ್ನು ವೈದ್ಯರಿಗೆ ತಿಳಿಸಬೇಕು. ಕೈಗವಸು, ತುಂಬು ತೋಳಿನ ಅಂಗಿ, ಧೂಳಿಗೆ ಮುಖಗವಸು ಒಳ್ಳೆಯದು. ತಲೆಸುತ್ತು, ವಾಂತಿ, ಎದೆ ಬಡಿತ ಹೆಚ್ಚಿದರೆ ಪಟ್ಟಿ ತೆಗೆದು ಆಸ್ಪತ್ರೆಗೆ ಹೋಗಬೇಕು.

ಎಚ್ಚರ ವಹಿಸಬೇಕಾದವರು

ಗರ್ಭಿಣಿಯರು ಮತ್ತು ಎದೆಹಾಲುಣಿಸುವ ತಾಯಂದಿರು ಮೊದಲು ಸಮಾಲೋಚನೆಯಿಂದಲೇ ಬಿಡಲು ಯತ್ನಿಸಬೇಕು. ಯಾವ ಔಷಧವನ್ನೂ ತಾವಾಗಿ ತೆಗೆದುಕೊಳ್ಳಬಾರದು. ಹದಿನೆಂಟು ತುಂಬದ ಮಕ್ಕಳಿಗೂ ಇದೇ ನಿಯಮ. ಕಳೆದ ಎರಡು ವಾರಗಳಲ್ಲಿ ಹೃದಯಾಘಾತವಾದವರು, ಎದೆ ಬಡಿತದ ತೀವ್ರ ಏರುಪೇರು ಇರುವವರು ಹೃದಯ ವೈದ್ಯರನ್ನು ಕೇಳದೆ ಗಮ್‌ನ್ನೂ ಮುಟ್ಟಬಾರದು. ಹಾಗೆಂದು ಹೃದ್ರೋಗಿಗಳು ಬೀಡಿಯನ್ನೇ ಮುಂದುವರಿಸುವುದು ಲೇಸೆಂದಲ್ಲ. ಬೀಡಿಯ ಹೊಗೆ ಅವರಿಗೆ ಈ ಎಲ್ಲ ಔಷಧಗಳಿಗಿಂತ ಅಪಾಯಕಾರಿ.

ಬೀಡಿ ಬಿಟ್ಟಾಗ ಬೇರೆ ಔಷಧಗಳ ಲೆಕ್ಕವೂ ಬದಲಾಗುವುದುಂಟು. ಹೊಗೆಯಲ್ಲಿನ ಅಂಶಗಳಿಂದ ಯಕೃತ್ತು ಕೆಲವು ಔಷಧಗಳನ್ನು ಬೇಗ ಕರಗಿಸುತ್ತಿರುತ್ತದೆ. ಹೊಗೆ ನಿಂತೊಡನೆ ಆ ವೇಗ ತಗ್ಗಿ, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್‌ನಂಥವು ರಕ್ತದಲ್ಲಿ ಏರಬಹುದು. ಇನ್ಸುಲಿನ್ ಪ್ರಮಾಣವೂ ಬದಲಾಗಬೇಕಾಗಬಹುದು. ಆದ್ದರಿಂದ ತಂಬಾಕು ಬಿಡುತ್ತಿದ್ದೇವೆಂದು ತಮ್ಮ ನಿತ್ಯದ ವೈದ್ಯರಿಗೆ ತಿಳಿಸಬೇಕು. ಚಹಾ, ಕಾಫಿಯ ಕೆಫೀನ್‌ಗೂ ಇದೇ ಆಗುತ್ತದೆ. ಮೊದಲಿನಷ್ಟೇ ಚಹಾ ಕುಡಿದರೆ ಚಡಪಡಿಕೆ, ನಿದ್ರಾಭಂಗ ಹೆಚ್ಚುತ್ತದೆ. ಬಿಟ್ಟ ವಾರದಲ್ಲಿ ಚಹಾವನ್ನು ಅರ್ಧಕ್ಕೆ ಇಳಿಸುವುದು ಒಳಿತು.

ಮೋಸ ಹೋಗಬಾರದ ದಾರಿಗಳು

ಊಟದಲ್ಲಿ ತಿಳಿಯದಂತೆ ಬೆರೆಸಿ ಕೊಟ್ಟರೆ ಚಟ ಬಿಡಿಸುತ್ತದೆ ಎಂದು ಜಾಹೀರಾತು ಮಾಡುವ ಪುಡಿಗಳನ್ನು ಕೊಳ್ಳಬಾರದು. ಅದರಲ್ಲಿ ಏನಿದೆಯೆಂದು ಯಾರಿಗೂ ತಿಳಿಯದು. ಬಿಡುವವನ ಒಪ್ಪಿಗೆಯಿಲ್ಲದೆ ಬಿಡಿಸುವುದು ಸಂಕಲ್ಪವೂ ಅಲ್ಲ, ಚಿಕಿತ್ಸೆಯೂ ಅಲ್ಲ.

ಇ-ಸಿಗರೇಟು ನಮ್ಮ ದೇಶದಲ್ಲಿ 2019ರಿಂದ ನಿಷಿದ್ಧ. ಗಿಡಮೂಲಿಕೆಯ ಬೀಡಿ ಎಂದು ಮಾರುವುದರಲ್ಲಿ ನಿಕೋಟಿನ್ ಇಲ್ಲದಿರಬಹುದು, ಆದರೆ ಸುಡುವ ಯಾವ ಎಲೆಯ ಹೊಗೆಯಲ್ಲಿಯೂ ಟಾರ್ ಮತ್ತು ಕಾರ್ಬನ್ ಮೊನಾಕ್ಸೈಡ್ ಇರುತ್ತವೆ. ಗುಟ್ಕಾ ಬಿಟ್ಟೆವೆಂದು ಬರಿಯ ಸುಪಾರಿಗೆ, ಪಾನ್ ಮಸಾಲಾಕ್ಕೆ ತಿರುಗುವವರಿದ್ದಾರೆ. ಅಡಿಕೆಯೇ ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದೆ. ಬಾಯಿ ಬಿಗಿಯುವ ರೋಗಕ್ಕೂ ಅದೇ ಮುಖ್ಯ ಕಾರಣ. ಬೀಡಿ ಬಿಟ್ಟು ತಂಬಾಕು ಅಗಿಯುವುದೂ ಚಟದ ಹೆಸರನ್ನು ಬದಲಿಸಿದಂತೆಯೇ ಹೊರತು ಬಿಟ್ಟಂತಲ್ಲ.

ಮೊದಲ ನಾಲ್ಕು ವಾರಗಳು

ಬಿಡುವ ದಿನವನ್ನು ಎರಡು ವಾರದೊಳಗೆ ನಿಶ್ಚಯಿಸಿಕೊಳ್ಳಬೇಕು. ಸೋಮವಾರವಾಗಲಿ, ಬಸವ ಜಯಂತಿಯಾಗಲಿ, ಶ್ರಾವಣದ ಆರಂಭವಾಗಲಿ, ಮನೆಯವರೆಲ್ಲರಿಗೂ ತಿಳಿದ ದಿನವಾಗಿರಲಿ. ಮಾತ್ರೆಯ ಚಿಕಿತ್ಸೆಯಾದರೆ ವೈದ್ಯರು ಹೇಳಿದಷ್ಟು ದಿನ ಮೊದಲೇ ಆರಂಭಿಸಬೇಕು. ಪಟ್ಟಿ, ಗಮ್ ಆದರೆ ಅಂದು ಬೆಳಿಗ್ಗೆಯಿಂದ. ಹಿಂದಿನ ರಾತ್ರಿಯೇ ಬೀಡಿ, ಬೆಂಕಿಪೆಟ್ಟಿಗೆ, ತಂಬಾಕಿನ ಚೀಲ, ಸುಣ್ಣದ ಡಬ್ಬಿಗಳನ್ನು ಮನೆಯಿಂದ ಹೊರಹಾಕಬೇಕು.

ಬಯಕೆಯ ಅಲೆ ಎದ್ದರೆ ಅದು ಸಾಮಾನ್ಯವಾಗಿ ಐದು ನಿಮಿಷಗಳಲ್ಲಿ ಇಳಿಯುತ್ತದೆ. ಆ ಐದು ನಿಮಿಷವನ್ನು ದಾಟುವುದೇ ಸಾಧನೆ. ನೀರು ಕುಡಿಯುವುದು, ದೀರ್ಘವಾಗಿ ಉಸಿರೆಳೆದು ಬಿಡುವುದು, ಜಾಗ ಬಿಟ್ಟು ಎದ್ದು ನಡೆಯುವುದು, ಷಡಕ್ಷರಿ ಮಂತ್ರದ ಜಪ, ಇವು ಭಕ್ತರಿಗೆ ಸದಾ ಕೈಗೆಟುಕುವ ನೆರವು. ಎದ್ದೊಡನೆ ಬೀಡಿ ಸೇದುತ್ತಿದ್ದವರು ಸ್ನಾನ ಮತ್ತು ಇಷ್ಟಲಿಂಗ ಪೂಜೆಯನ್ನು ಅದೇ ಹೊತ್ತಿಗೆ ತಂದುಕೊಂಡರೆ ದಿನದ ಅತಿ ಕಠಿಣ ಗಳಿಗೆಗೆ ಒಂದು ಆಸರೆ ದೊರೆಯುತ್ತದೆ. ಮಲಬದ್ಧತೆಗೆ ಬಿಸಿನೀರು, ತೊಪ್ಪಲು ಪಲ್ಯ, ಜೋಳದ ರೊಟ್ಟಿ, ಹಣ್ಣು ಸಾಕು. ಕೆಲವು ದಿನಗಳಲ್ಲಿ ಹೊಟ್ಟೆ ತಾನಾಗಿ ಹದಕ್ಕೆ ಬರುತ್ತದೆ.

ಮನೆಯವರಿಗೆ ಒಂದು ಮಾತು. ಈ ವಾರಗಳಲ್ಲಿ ಅವರ ಸಿಟ್ಟು ಔಷಧದ ದೋಷವೂ ಅಲ್ಲ, ಸ್ವಭಾವದ ದೋಷವೂ ಅಲ್ಲ. ಹಂಗಿಸಬೇಡಿರಿ, ಗೂಢಚಾರರಂತೆ ಜೇಬು ಹುಡುಕಬೇಡಿರಿ. ದಿನ ಎಣಿಸಿ ಬೆನ್ನು ತಟ್ಟಿರಿ.

ಜಾರಿದರೆ?

ಬಿಟ್ಟವರಲ್ಲಿ ಬಹಳ ಜನ ಒಂದಲ್ಲ ಒಂದು ಸಲ ಜಾರುತ್ತಾರೆ. ಗೆಳೆಯನ ಒತ್ತಾಯಕ್ಕೆ ಒಂದು ಬೀಡಿ ಸೇದಿದ ಮಾತ್ರಕ್ಕೆ ಪಟ್ಟಿಯನ್ನು ಕಿತ್ತೆಸೆಯಬಾರದು, ಮಾತ್ರೆ ನಿಲ್ಲಿಸಬಾರದು. ಚಿಕಿತ್ಸೆ ಮುಂದುವರಿಸಿ ಮರುದಿನದಿಂದ ಮತ್ತೆ ತಂಬಾಕಿಲ್ಲದೆ ನಡೆಯಬೇಕು. ಎಲ್ಲಿ, ಯಾರೊಡನೆ, ಯಾವ ಹೊತ್ತಿನಲ್ಲಿ ಜಾರಿದೆವೆಂದು ಗುರುತಿಸಿಕೊಂಡರೆ ಮುಂದಿನ ಸಲಕ್ಕೆ ಅದೇ ಪಾಠ. ಒಂದು ಔಷಧ ಹೊಂದದಿದ್ದರೆ ಇನ್ನೊಂದಿದೆ. ಒಂದು ಸಲ ಸೋತವರು ನಾಲ್ಕನೆಯ ಯತ್ನದಲ್ಲಿ ಗೆದ್ದದ್ದುಂಟು. ಮಠದ ಬಾಗಿಲು ಗೆದ್ದವರಿಗಾಗಿ ಮಾತ್ರ ತೆರೆದಿರುವುದಿಲ್ಲ. ಜಾರಿದವರು ನಾಚಿಕೆಪಟ್ಟು ದೂರ ಉಳಿಯುವುದೇ ಚಟಕ್ಕೆ ಸಿಗುವ ದೊಡ್ಡ ಬೆಂಬಲ.

ನೆರವು ದೊರೆಯುವ ಸ್ಥಳಗಳು

ತಂಬಾಕು ಬಿಡುವವರಿಗಾಗಿ ಭಾರತ ಸರಕಾರದ ಉಚಿತ ದೂರವಾಣಿ 1800-11-2356 ಇದೆ. ಕನ್ನಡದಲ್ಲಿಯೂ ಸಮಾಲೋಚನೆ ಪಡೆಯಬಹುದು. 2018ರಿಂದ ಬೀಡಿ, ಸಿಗರೇಟು, ತಂಬಾಕಿನ ಪೊಟ್ಟಣಗಳ ಮೇಲೆಯೇ ಈ ಸಂಖ್ಯೆ ಮುದ್ರಿತವಾಗುತ್ತಿದೆ; ಪೊಟ್ಟಣ ಎಸೆಯುವ ಮುನ್ನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬಹುದು. ಮನಸ್ಸಿನ ತಳಮಳ, ಖಿನ್ನತೆ ಕಾಡಿದರೆ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ತಂಬಾಕು ವ್ಯಸನಮುಕ್ತಿ ಕೇಂದ್ರಗಳನ್ನು ನಡೆಸಲಾಗುತ್ತದೆ. ಬೆಳಗಾವಿಗೆ ಹೋಗುವ ಮುನ್ನ ತಮ್ಮ ತಾಲೂಕು ಆಸ್ಪತ್ರೆಯ ವೈದ್ಯರನ್ನು, ಊರಿನ ಆಶಾ ಕಾರ್ಯಕರ್ತೆಯನ್ನು ವಿಚಾರಿಸುವುದು ಒಳಿತು.

ಖರ್ಚಿನ ಚಿಂತೆಯಿರುವವರು ಒಂದು ತಿಂಗಳಿಗೆ ತಮ್ಮ ಬೀಡಿ, ಗುಟ್ಕಾಗಳಿಗೆ ಆಗುವ ವೆಚ್ಚವನ್ನು ಕಾಗದದ ಮೇಲೆ ಬರೆದು, ಔಷಧದ ವೆಚ್ಚದೊಡನೆ ಹೋಲಿಸಲಿ. ಔಷಧ ಮೂರು ತಿಂಗಳಿಗೆ ಮುಗಿಯುತ್ತದೆ. ಬಿಡದಿದ್ದರೆ ಚಟದ ವೆಚ್ಚಕ್ಕೆ ಮುಗಿತಾಯವಿಲ್ಲ.

ಮಹಾಂತ ಶಿವಯೋಗಿಗಳ ಜೋಳಿಗೆ ಬೇಡಿದ್ದು ನಮ್ಮ ಚಟವನ್ನು. ಅದನ್ನು ಕೊಟ್ಟ ಮೇಲೆ ಕೊಟ್ಟವರ ಕೈ ನಡುಗದಂತೆ ನೋಡಿಕೊಳ್ಳುವುದು ಮಠದ, ಮನೆಯ, ವೈದ್ಯರ ಒಟ್ಟು ಹೊಣೆ. ಈ ಲೇಖನವನ್ನು ಬಿಡಬೇಕೆಂದಿರುವ ಒಬ್ಬರಿಗಾದರೂ ಓದಿ ಹೇಳಿರೆಂದು ಕೋರುತ್ತೇವೆ.



ಕಾರ್ಯದರ್ಶಿಗಳು, ಶ್ರೀಮಠ